ಹೆಣೆದದ್ದಾಯಿತು, ಸ್ವೆಟರ್ ಆಗಲಿಲ್ಲ: ತುಂಡು ಜೋಡಿಸುವ ಕೆಲಸವನ್ನು ನೀವು ಹೇಗೆ ಮುಗಿಸುತ್ತೀರಿ?

ಮಾಳಮಡ್ಡಿ ಉಲ್ಲನ್ ಚೀಲ

ಹೆಣೆಯಲು ಕುಳಿತರೆ ನನಗೆ ಊಟದ ನೆನಪಿರುವುದಿಲ್ಲ. ಆದರೆ ಕಡ್ಡಿಯಿಂದ ಕೊನೆಯ ಕುಣಿಕೆ ಇಳಿದ ಮೇಲೆ ಶುರುವಾಗುವ ಕೆಲಸವಿದೆಯಲ್ಲ, ಅದನ್ನು ಕಂಡರೆ ಮೈ ಉರಿಯುತ್ತದೆ.

ಮಾವನವರಿಗೆಂದು ಹಿಡಿದ ಸ್ವೆಟರ್ ಇದು. ದುಂಡು ಕೊರಳು, ತುಂಬುತೋಳು, ಮುಂದೆ ಗುಂಡಿ. ಬೆನ್ನು ಆಯಿತು, ಮುಂಭಾಗದ ಎರಡು ಹೋಳು ಆದವು, ತೋಳುಗಳೂ ಆದವು. ದಸರೆಯಿಂದ ಐದೂ ತುಂಡು ಚೀಲದಲ್ಲಿವೆ. ಮಾವನವರು ಬೆಳಿಗ್ಗೆ ಕೆಲಗೇರಿ ಕೆರೆಯ ಕಡೆ ಹೊರಡುವಾಗ ಹಳೆಯ ಶಾಲು ಹೊದ್ದುಕೊಂಡು, ಅಡುಗೆಮನೆಗೆ ಕೇಳಿಸುವಂತೆ, “ಈ ವರ್ಷ ಥಂಡಿ ಜೋರಾಗಿದೆ” ಎನ್ನುತ್ತಾರೆ. ಬಾಯಿಬಿಟ್ಟು ಕೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ವಿಡಿಯೊಗಳಿಂದ ಉಪಯೋಗವಿಲ್ಲ. ಮೊದಲ ಕುಣಿಕೆ ಹಾಕುವುದನ್ನು ಅರ್ಧ ಗಂಟೆ ತೋರಿಸುತ್ತಾರೆ. ಕೊನೆಗೆ “ಈಗ ಎಲ್ಲ ಭಾಗಗಳನ್ನೂ ಜೋಡಿಸಿಕೊಳ್ಳಿ” ಎಂದವರು ಮರುಕ್ಷಣ ಸ್ವೆಟರ್ ಹಾಕಿಕೊಂಡು ನಗುತ್ತ ನಿಂತಿರುತ್ತಾರೆ. ನಡುವೆ ನಡೆದದ್ದೇನು ಎಂದು ಯಾರೂ ಹೇಳುವುದಿಲ್ಲ.

ನನ್ನ ಗೋಳು ಹೀಗಿದೆ. ತುಂಡುಗಳ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಪಕ್ಕಪಕ್ಕ ಇಟ್ಟರೆ ನಿಲ್ಲುವುದಿಲ್ಲ. ಎಲ್ಲಿ ನೋಡಿದರೂ ದಾರದ ಬಾಲ. ತೋಳಿನ ಮೇಲ್ತುದಿ ಬಗಲಿನ ಸುತ್ತಿಗಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಪಕ್ಕಕ್ಕೆ ಸಾಮಾನ್ಯ ಹೊಲಿಗೆ ಹಾಕಿ ನೋಡಿದರೆ ಗೋಣಿಚೀಲದ ಬಾಯಿ ಹೊಲಿದ ಹಾಗೆ ಏಣು ಎದ್ದಿತು. ಟೇಲರ್ ಹತ್ತಿರ ಒಯ್ದರೆ ಮಶೀನಿನಲ್ಲಿ ಹೊಡೆದುಕೊಡುತ್ತಾರೆಯೇ? ದುಡ್ಡು ತೆಗೆದುಕೊಂಡು ಇದೊಂದು ಕೆಲಸ ಮಾಡಿಕೊಡುವವರು ಧಾರವಾಡದಲ್ಲಿ ಯಾರಾದರೂ ಇದ್ದಾರೆಯೇ?

ಸೀದಾ ಉಲ್ಟಾ

ಐದು ತುಂಡು ಹೆಣೆಯಲು ಹೇಳಿದವರು ಯಾರು? ಕೊರಳಿನಿಂದ ಶುರುಮಾಡಿ, ಎರಡು ತುದಿಗಳ ನಡುವೆ ತಂತಿ ಇರುವ ದುಂಡು ಕಡ್ಡಿಯಲ್ಲಿ ಕೆಳಗಿಳಿದರೆ ಹೊಲಿಗೆಯೇ ಇಲ್ಲ. ಪ್ರಶ್ನೆ ಮುಗಿಯಿತು.

ಮಾಳಮಡ್ಡಿ ಉಲ್ಲನ್ ಚೀಲ

ಈ ಮಾತು ದಸರೆಗೆ ಮೊದಲು ಬಂದಿದ್ದರೆ ಕೈಮುಗಿಯುತ್ತಿದ್ದೆ ಅಣ್ಣಾ.

ಸೀದಾ ಉಲ್ಟಾ

ಅಣ್ಣನಲ್ಲ, ಅಕ್ಕ.

ಸಾಧನಕೇರಿ ಕಾಕು

ತಂಗೀ, ಇವರ ಮಾತಿಗೆ ತಲೆಕೆಡಿಸಿಕೊಳ್ಳಬೇಡ. ಹೊಲಿಗೆ ಇರುವ ಸ್ವೆಟರ್ ಮೈಮೇಲೆ ನಿಲ್ಲುವ ರೀತಿಯೇ ಬೇರೆ. ಹೊಲಿಗೆಯೇ ಅದರ ಎಲುಬು. ದಪ್ಪ ಅಕ್ರಿಲಿಕ್ ದಾರದಲ್ಲಿ ಹೊಲಿಗೆ ಇಲ್ಲದೆ ಹೆಣೆದ ದೊಡ್ಡವರ ಸ್ವೆಟರನ್ನು ಎರಡು ಚಳಿಗಾಲ ಹಾಕಿಕೊಂಡು ನೋಡಲಿ, ತನ್ನ ಭಾರಕ್ಕೇ ಜೋತುಬಿದ್ದು ತೊಡೆಗೆ ಬಂದಿರುತ್ತದೆ.

ಈಗ ಕೆಲಸದ ಮಾತು. ಮೊದಲು ತುಂಡುಗಳನ್ನು ಹದಕ್ಕೆ ತರಬೇಕು. ಚೀಲದಿಂದ ತೆಗೆದು ನೇರವಾಗಿ ಸೂಜಿ ಹಾಕುವವರೇ ಹೆಚ್ಚು, ಅಲ್ಲಿಯೇ ಕೆಡುತ್ತದೆ. ನಿನ್ನದು ಉಣ್ಣೆಯೋ ಅಕ್ರಿಲಿಕ್ಕೋ? ಉಣ್ಣೆಯಾದರೆ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸು. ಉಜ್ಜಬಾರದು, ಹಿಂಡಬಾರದು. ಅಂಗೈಯಿಂದ ಒತ್ತಿ ನೀರು ತೆಗೆದು, ದಪ್ಪ ಟವೆಲ್‌ನಲ್ಲಿ ಸುರುಳಿ ಸುತ್ತಿ, ಅದರ ಮೇಲೆ ಕಾಲಿಟ್ಟು ತುಳಿ. ಆಮೇಲೆ ಗಾದಿಯ ಮೇಲೆ ಒಣ ಚಾದರ ಹಾಸಿ, ತುಂಡನ್ನು ಅಳತೆಗೆ ಸರಿಯಾಗಿ ಹರಡಿ, ಅಂಚಿಗೆಲ್ಲ ಟಾಚಣಿ ಚುಚ್ಚು. ತುಕ್ಕು ಹಿಡಿಯದ ಟಾಚಣಿಯಾಗಿರಲಿ. ಒಣಗುವವರೆಗೆ ಯಾರನ್ನೂ ಆ ಗಾದಿಯ ಮೇಲೆ ಕೂರಿಸಬೇಡ. ಅಂಚು ತೆಪ್ಪಗೆ ಮಲಗಿರುತ್ತದೆ.

ಅಕ್ರಿಲಿಕ್ ಆದರೆ ನೀರಿಗೆ ಬಗ್ಗುವ ಜಾತಿಯಲ್ಲ. ಅದಕ್ಕೆ ಹಬೆ ಬೇಕು. ಹಬೆ ಬಿಡುವ ಇಸ್ತ್ರಿಪೆಟ್ಟಿಗೆಯನ್ನು ಒಂದು ಇಂಚು ಮೇಲೆ ಹಿಡಿದು ಹಬೆಯನ್ನಷ್ಟೇ ಬಿಡು. ಬಿಸಿ ಲೋಹ ತಾಗಿತೋ, ಎಳೆ ಮೆತ್ತಗಾಗಿ ಚಪ್ಪಟೆಯಾಗಿ ಮಿರಮಿರ ಮಿನುಗುತ್ತದೆ. ಅದರ ಪುಟಿಯುವ ಗುಣ ಹೋಯಿತೆಂದರೆ ಮತ್ತೆ ಬರುವುದಿಲ್ಲ. ಕೆಳಗಿನ ಬಾರ್ಡರಿಗೆ, ಮುಂಗೈಯ ಪಟ್ಟಿಗೆ ಹಬೆ ತೋರಿಸಲೇಬೇಡ. ಅವು ಜಗ್ಗಿದರೆ ಹಿಂದಕ್ಕೆ ಬರಬೇಕಲ್ಲವೇ?

ಹೊಲಿಗೆಗೆ ಕುಳಿತಾಗ ಮೇಲ್ಮೈಗೆ ಮೇಲ್ಮೈ ಕೂಡಿಸಿ ಹಿಂದಿನಿಂದ ಹೊಲಿಯುವುದನ್ನು ಬಿಟ್ಟುಬಿಡು. ಎರಡೂ ತುಂಡುಗಳ ಮೇಲ್ಮೈ ನಿನ್ನ ಕಣ್ಣಿಗೆ ಕಾಣುವಂತೆ ಪಕ್ಕಪಕ್ಕ ಮಲಗಿಸು. ಅಂಚಿನ ಮೊದಲ ಕುಣಿಕೆಯನ್ನೂ ಎರಡನೆಯದನ್ನೂ ಕೊಂಚ ಅಗಲಿಸಿದರೆ ನಡುವೆ ಸಾಲಿಗೊಂದು ಅಡ್ಡ ಎಳೆ ಕಾಣುತ್ತದೆ. ಈ ಕಡೆಯ ಒಂದು ಎಳೆಯ ಕೆಳಗೆ ಸೂಜಿ ತೂರಿಸು, ಆಮೇಲೆ ಆ ಕಡೆಯ ಒಂದು ಎಳೆ, ಮತ್ತೆ ಈ ಕಡೆ. ನಾಲ್ಕು ಬೆರಳಗಲ ಹೀಗೆ ಸಡಿಲವಾಗಿ ಹೋಗಿ, ನಂತರ ದಾರವನ್ನು ಮೆಲ್ಲಗೆ ಜಗ್ಗು. ಎರಡು ಅಂಚೂ ಒಳಕ್ಕೆ ಮಡಚಿಕೊಂಡು ಹೊಲಿಗೆ ಮಾಯವಾಗುತ್ತದೆ. ವಿಡಿಯೊ ಹುಡುಕುವುದಾದರೆ ಮ್ಯಾಟ್ರೆಸ್ ಸ್ಟಿಚ್ ಎಂದು ಹುಡುಕು.

ಬ್ಯಾಡಗಿ ಖಾರ

ಮೂಲ ಪ್ರಶ್ನೆಯನ್ನೇ ಯಾರೂ ಎತ್ತುತ್ತಿಲ್ಲ. ನಮ್ಮ ಭಾಗದಲ್ಲಿ ಸ್ವೆಟರ್ ಯಾತಕ್ಕೆ? ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ. ಇವರು ಕೊನೆಯ ಗುಂಡಿ ಹಚ್ಚುವ ಹೊತ್ತಿಗೆ ಫ್ಯಾನ್ ತಿರುಗುತ್ತಿರುತ್ತದೆ.

ಉಣಕಲ್ ವಾಕಿಂಗ್

ಬ್ಯಾಡಗಿಯವರು ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆ ಉಣಕಲ್ ಕೆರೆಯ ದಂಡೆಗೆ ಬರಲಿ. ಮಾತು ಅಲ್ಲಿ ಮುಂದುವರಿಸೋಣ, ಹಲ್ಲು ಕಟಕಟ ಎನ್ನದಿದ್ದರೆ.

ಸೀದಾ ಉಲ್ಟಾ

ಕೆರೆಯ ದಂಡೆಯವರೆಗೂ ಹೋಗುವುದು ಬೇಡ. ಎಸಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬನ್ನಿ. ನವನಗರ ದಾಟುವಷ್ಟರಲ್ಲಿ ಮೇ ತಿಂಗಳಲ್ಲೂ ಸ್ವೆಟರ್ ನೆನಪಾಗುತ್ತದೆ.

ಬ್ಯಾಡಗಿ ಖಾರ

ಸರಿ, ಬೇಕು ಎಂದೇ ಇಟ್ಟುಕೊಳ್ಳೋಣ. ಕೊಂಡುಕೊಳ್ಳಿ. ಚಳಿಗಾಲ ಬಂತೆಂದರೆ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ. ಮುಂಡಗೋಡದಲ್ಲಿ ತಾವೇ ಹೆಣೆದು ತರುತ್ತಾರೆ, ಕೈಕೆಲಸವೂ ಆಯಿತು.

ರಾಣೆಬೆನ್ನೂರು ಕಡ್ಡಿ

ಖಾರದವರೇ, ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ವಸತಿ ಇರುವುದು ನಿಜ. ಆದರೆ ಅವರು ಬೀದಿಯಲ್ಲಿ ಮಾರುವ ಸ್ವೆಟರುಗಳಲ್ಲಿ ಹೆಚ್ಚಿನವು ಲೂಧಿಯಾನದ ಕಾರ್ಖಾನೆಗಳ ಮಾಲು. ಮಾಲು ಚೆನ್ನಾಗಿರುತ್ತದೆ, ನಾನೂ ಕೊಂಡಿದ್ದೇನೆ. ಕೈಹೆಣಿಗೆ ಮಾತ್ರ ಅಲ್ಲ.

ಇನ್ನೊಂದು ವಿಷಯ. ಕಾರ್ಖಾನೆಯಲ್ಲಿ ಕೂಡ ಈ ಜೋಡಿಸುವ ಕೆಲಸವೇ ಕಷ್ಟದ್ದು. ಲಿಂಕಿಂಗ್ ಎಂಬ ಯಂತ್ರವಿದೆ. ದುಂಡಗಿನ ಚಕ್ರದ ಸುತ್ತ ಸಾಲಾಗಿ ಮುಳ್ಳುಗಳಿರುತ್ತವೆ. ಕೊರಳಪಟ್ಟಿಯ ಒಂದೊಂದು ಕುಣಿಕೆಯನ್ನೂ ಕಾರ್ಮಿಕರು ಕೈಯಿಂದಲೇ ಒಂದೊಂದು ಮುಳ್ಳಿಗೆ ಪೋಣಿಸಬೇಕು, ಆಮೇಲೆ ಯಂತ್ರ ಹೊಲಿಯುತ್ತದೆ. ಹೆಣೆಯಲು ಯಂತ್ರ ಬಂದು ಎಷ್ಟೋ ಕಾಲವಾಯಿತು, ಜೋಡಿಸುವಲ್ಲಿ ಇನ್ನೂ ಬೆರಳು ಬೇಕು. ನಮ್ಮ ಅಕ್ಕನವರಿಗೆ ಮೈ ಉರಿಯುವುದರಲ್ಲಿ ಆಶ್ಚರ್ಯವೇನಿದೆ?

ಹೌದು, ನಾನು ಗಂಡಸು. ಹೌದು, ಹೆಣೆಯುತ್ತೇನೆ. ಕೇಳುವವರಿದ್ದರೆ ಈಗಲೇ ಕೇಳಿ ಮುಗಿಸಿಬಿಡಿ.

ಹೊಸ ಕಡ್ಡಿ

ಯಾರು ಕಲಿಸಿದರು ಅಣ್ಣಾ?

ರಾಣೆಬೆನ್ನೂರು ಕಡ್ಡಿ

ನಮ್ಮ ಅವ್ವ. ಜ್ವರ ಬಂದು ಶಾಲೆ ತಪ್ಪಿದಾಗ ಸುಮ್ಮನೆ ಕೂರಲಿ ಎಂದು ಕಡ್ಡಿ ಕೊಟ್ಟಳು.

ಟೇಲರ್ ಮಾಮಾ

ದಾಜಿಬಾನ ಪೇಟೆಯಲ್ಲಿ ನನ್ನ ಅಂಗಡಿ. ನನ್ನ ವೃತ್ತಿಯವರ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಕೈಹೆಣಿಗೆಯ ಸ್ವೆಟರನ್ನು ಮಶೀನಿಗೆ ಕೊಡಬೇಡಿ. ಮೇಲಿನಿಂದ ಮಶೀನಿನ ಪಾದ ಒತ್ತುತ್ತದೆ, ಕೆಳಗಿನಿಂದ ಹಲ್ಲು ಎಳೆಯುತ್ತದೆ, ನಡುವೆ ಸಿಕ್ಕ ಹೆಣಿಗೆ ಉದ್ದವಾಗಿ ಅಲೆಅಲೆಯಾಗುತ್ತದೆ. ಅಂಚು ಸುತ್ತಿ ಹೊಲಿಯುವ ಓವರ್‌ಲಾಕ್ ಮಶೀನು ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅದರ ಕತ್ತಿ ಅಂಚನ್ನೇ ಕತ್ತರಿಸಿಬಿಡುತ್ತದೆ, ಒಮ್ಮೆ ಕತ್ತರಿಸಿದ ಹೆಣಿಗೆಯನ್ನು ಬಿಚ್ಚಿ ಸರಿಪಡಿಸಲು ಬರುವುದಿಲ್ಲ. ಗಿರಾಕಿಗಳು ತಂದರೆ ನಾನು ಕೈಮುಗಿದು ವಾಪಸ್ ಕಳಿಸುತ್ತೇನೆ. ಕಳಿಸದವರೂ ಇದ್ದಾರೆ ಎನ್ನುವುದು ಗೊತ್ತು.

ಒಂದೇ ಸಲಹೆ: ಹೆಗಲಿನ ಹೊಲಿಗೆಯ ಒಳಮೈಗೆ ತೆಳುವಾದ ಹತ್ತಿ ಟೇಪನ್ನು ಕೈಹೊಲಿಗೆಯಿಂದ ಹಚ್ಚಿ. ಇಡೀ ಸ್ವೆಟರಿನ ಭಾರ ಹೊರುವುದು ಆ ಎರಡು ಗೆರೆಗಳು.

ಹೊಸ ಕಡ್ಡಿ

ದಬ್ಬಣದಿಂದ ಹೊಲಿಯಬಹುದೇ? ಮನೆಯಲ್ಲಿ ಅದೊಂದೇ ದೊಡ್ಡ ಕಣ್ಣಿನದು.

ಸಾಧನಕೇರಿ ಕಾಕು

ಬೇಡ ಮಗಳೇ. ದಬ್ಬಣದ ಮೊನೆ ನೂಲನ್ನು ಸೀಳಿಕೊಂಡು ಹೋಗುತ್ತದೆ, ಆಮೇಲೆ ಹೊಲಿಗೆ ಜಗ್ಗಿದರೆ ಸರಿಯುವುದೇ ಇಲ್ಲ. ಮೊಂಡು ಮೂತಿಯ ಉಲ್ಲನ್ ಸೂಜಿ ಬೇಕು, ಉಲ್ಲನ್ ಮಾರುವ ಅಂಗಡಿಯಲ್ಲೇ ಕೇಳು. ದಾರವನ್ನು ಮೊಳದುದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡ. ಪ್ರತಿ ಸಲ ತೂರಿಸುವಾಗಲೂ ಉಜ್ಜಿ ಉಜ್ಜಿ ನೂಲು ಸವೆದು ನಡುವೆಯೇ ಕಡಿಯುತ್ತದೆ.

ಮಾಳಮಡ್ಡಿ ಉಲ್ಲನ್ ಚೀಲ

ಕಾಕು, ನಿಮ್ಮ ಪಾದ ಎಲ್ಲಿವೆ? ದಾರ ಅರ್ಧ ಉಣ್ಣೆ, ಅರ್ಧ ಅಕ್ರಿಲಿಕ್ ಎಂದು ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಬರೆದಿದೆ. ಏನು ಮಾಡಲಿ?

ಸಾಧನಕೇರಿ ಕಾಕು

ನೀರಿನಲ್ಲಿ ನೆನೆಸಿ ಟಾಚಣಿ ಹಚ್ಚು. ಒಣಗಿದ ಮೇಲೂ ಅಂಚು ಹಟ ಮಾಡಿದರೆ ದೂರದಿಂದ ಸ್ವಲ್ಪ ಹಬೆ.

ರಾಣೆಬೆನ್ನೂರು ಕಡ್ಡಿ

ಅಕ್ಕನವರೇ, ಹೆಣೆಯುವಾಗ ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೆಯೇ ಸರಿಸಿದ್ದೀರಾ? ನಮ್ಮ ಕಡೆ ಎಲ್ಲರಿಗೂ ಹಾಗೆಯೇ ಕಲಿಸುತ್ತಾರೆ, ಅಂಚು ಜಡೆಯಂತೆ ಚೆಂದ ಬರುತ್ತದೆ ಎಂದು. ಮಫ್ಲರ್‌ಗೆ ಅದು ಸರಿ. ಹೊಲಿಯಬೇಕಾದ ಅಂಚಿಗೆ ಅದೇ ಶತ್ರು, ಏಕೆಂದರೆ ಎರಡು ಸಾಲಿಗೆ ಒಂದೇ ಕುಣಿಕೆ ಉಳಿದು ಅಂಚು ಸಡಿಲವಾಗುತ್ತದೆ. ಹೊಲಿಗೆ ಹಾಕಿದ ಮೇಲೆ ತೂತು ತೂತಾಗಿ ಕಾಣುವುದಕ್ಕೆ ಇದೇ ಕಾರಣ. ಹೆಣೆದಾಗಿದ್ದರೆ ಒಂದು ಕುಣಿಕೆ ಒಳಗೆ ಸರಿದು ಹೊಲಿಯಿರಿ. ಅಗಲ ಸ್ವಲ್ಪ ಕಡಿಮೆಯಾಗುತ್ತದೆ, ಮಾವನವರು ಊಟ ಕಡಿಮೆ ಮಾಡಲಿ.

ಅಳತೆಪಟ್ಟಿಯನ್ನು ನಂಬಬೇಡಿ. ಹೆಣಿಗೆ ಜಗ್ಗಿದಷ್ಟು ಬರುತ್ತದೆ. ಬೆನ್ನಿನ ಬಗಲಿನವರೆಗಿನ ಸಾಲುಗಳನ್ನೂ ಮುಂಭಾಗದ ಸಾಲುಗಳನ್ನೂ ಎಣಿಸಿ. ಸರಿಹೊಂದಿದ್ದರೆ ಕಾಕು ಹೇಳಿದ ಹೊಲಿಗೆ ಎಳೆಗೆ ಎಳೆ ತಾನೇ ಮುಗಿಯುತ್ತದೆ. ಎರಡು ಮೂರು ಸಾಲು ಹೆಚ್ಚುಕಡಿಮೆ ಇದ್ದರೆ ಉದ್ದದ ಕಡೆ ಅಲ್ಲೊಮ್ಮೆ ಇಲ್ಲೊಮ್ಮೆ ಎರಡು ಎಳೆಗಳನ್ನು ಒಟ್ಟಿಗೆ ತೆಗೆದುಕೊಳ್ಳಿ. ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಟಗೇರಿ ಮಗ್ಗ

ನಮ್ಮದು ನೇಕಾರರ ಮನೆ, ಹೆಣಿಗೆ ನನಗೆ ಬಾರದು. ಆದರೆ ಹೆಗಲಿನ ಮಾತು ಬಂದದ್ದರಿಂದ ಕೇಳುತ್ತೇನೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಮಗ್ಗದ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಹೊಲಿಯುವುದಿಲ್ಲ. ಎಳೆಗೆ ಎಳೆ ಕುಣಿಕೆಯಾಗಿ ಸಿಕ್ಕಿಸಿ ಕೂಡಿಸುತ್ತಾರೆ, ಟೋಪಿ ತೆನಿ ಎನ್ನುತ್ತಾರೆ. ಹೆಣಿಗೆಯಲ್ಲಿ ಇರುವುದೇ ಕುಣಿಕೆ. ಹಾಗಿರುವಾಗ ಕೊನೆಯ ಸಾಲಿನ ಕುಣಿಕೆಗಳನ್ನು ಬಿಚ್ಚಿಕೊಳ್ಳದಂತೆ ಮುಚ್ಚಿ ಆಮೇಲೆ ಹೊಲಿಯುವ ದುಡಿಮೆ ಯಾಕೆ? ಕುಣಿಕೆಗೆ ಕುಣಿಕೆ ಕೂಡಿಸಲು ಬರುವುದಿಲ್ಲವೇ?

ಸೀದಾ ಉಲ್ಟಾ

ಬರುತ್ತದೆ! ಹೆಣಿಗೆ ಬಾರದವರೇ ಸರಿಯಾದ ಪ್ರಶ್ನೆ ಕೇಳಿದರು ನೋಡಿ. ಮುಂಭಾಗದ ಹೆಗಲಿನ ಕುಣಿಕೆಗಳನ್ನು ಒಂದು ಕಡ್ಡಿಯಲ್ಲಿ, ಬೆನ್ನಿನ ಹೆಗಲಿನವನ್ನು ಇನ್ನೊಂದರಲ್ಲಿ ಹಿಡಿದು, ಮೇಲ್ಮೈಗಳು ಒಂದಕ್ಕೊಂದು ಎದುರಾಗುವಂತೆ ಇಟ್ಟು, ಮೂರನೆಯ ಕಡ್ಡಿಯಿಂದ ಎರಡೂ ಕಡೆಯ ಒಂದೊಂದು ಕುಣಿಕೆಯನ್ನು ಸೇರಿಸಿ ಹೆಣೆಯುತ್ತ ಮುಚ್ಚುತ್ತ ಹೋಗಬೇಕು. ಗಟ್ಟಿಯಾಗಿರುತ್ತದೆ, ಜಗ್ಗುವುದಿಲ್ಲ, ಸೂಜಿ ಮುಟ್ಟುವ ಪ್ರಸಂಗವೇ ಇಲ್ಲ.

ಉಲ್ಲನ್ ಚೀಲದವರು ಹೆಗಲನ್ನು ಈಗಾಗಲೇ ಮುಚ್ಚಿರಬಹುದು. ಚಿಂತೆಯಿಲ್ಲ, ಮುಚ್ಚಿದ ಸಾಲು ಕೊನೆಯದು, ಬಿಚ್ಚಿದರೆ ಕುಣಿಕೆಗಳು ಹಾಗೆಯೇ ಸಿಗುತ್ತವೆ.

ಕಸೂತಿ ಅತ್ತೆ

ದಾರದ ಬಾಲಗಳ ಬಗ್ಗೆ ಯಾರೂ ಮಾತಾಡಲಿಲ್ಲ.

ಸೀದಾ ಉಲ್ಟಾ

ಗಂಟು ಹಾಕಿ ಕತ್ತರಿಸಿದರಾಯಿತು. ಒಳಗಿರುವುದನ್ನು ಯಾರು ನೋಡುತ್ತಾರೆ?

ಕಸೂತಿ ಅತ್ತೆ

ಧಾರವಾಡದಲ್ಲಿ ಕುಳಿತು ಈ ಮಾತನ್ನು ಆಡಲು ಧೈರ್ಯ ಬೇಕು. ಗವಂತಿಯಾಗಲಿ ಮುರ್ಗಿಯಾಗಲಿ, ಕಸೂತಿಯಲ್ಲಿ ಗಂಟಿನಿಂದ ಶುರುಮಾಡುವ ಪದ್ಧತಿಯೇ ಇಲ್ಲ. ಬಟ್ಟೆಯ ಹಿಂದೆ ಮುಂದೆ ಒಂದೇ ಬಗೆಯಾಗಿ ಕಾಣಬೇಕು. ನನ್ನ ಅತ್ತೆಯವರು ಮೊದಲು ಹಿಂಭಾಗ ತಿರುಗಿಸಿ ನೋಡುತ್ತಿದ್ದರು. ಮುಂಭಾಗವನ್ನು ನೋಡುವುದು ಆಮೇಲೆ, ಅದೂ ಮನಸ್ಸಿದ್ದರೆ.

ಸ್ವೆಟರಿನಲ್ಲಿ ಗಂಟು ಹಾಕಿದರೆ ಒಂದೋ ಅದು ಮೈಗೆ ಚುಚ್ಚುತ್ತದೆ, ಇಲ್ಲವೇ ಒಗೆಯುವಾಗ ಸಡಿಲಾಗಿ ಮುಂದಕ್ಕೆ ತೂರಿಕೊಂಡು ಬರುತ್ತದೆ. ಬಾಲ ಒಂದು ಗೇಣು ಇರಬೇಕು. ಸೂಜಿಗೆ ಪೋಣಿಸಿ 5 ಸೆಂ.ಮೀ.ಯಷ್ಟು ಒಂದು ದಿಕ್ಕಿನಲ್ಲಿ ಹಿಂಬದಿಯ ಕುಣಿಕೆಗಳ ನಡುವೆ ಹಾಯಿಸಿ, ಹಿಂದಕ್ಕೆ ತಿರುಗಿಸಿ ಸ್ವಲ್ಪ ದೂರ ಮತ್ತೆ ಹಾಯಿಸಬೇಕು. ದಿಕ್ಕು ಬದಲಿಸುವುದೇ ಮುಖ್ಯ, ಒಂದೇ ದಿಕ್ಕಿಗೆ ಹೋದ ದಾರ ಹಾಗೆಯೇ ಜಾರಿ ಬರುತ್ತದೆ. ಕತ್ತರಿಸುವ ಮೊದಲು ಹೆಣಿಗೆಯನ್ನು ನಾಲ್ಕೂ ಕಡೆ ಜಗ್ಗಿ ನೋಡಿ.

ಹೊಸ ಉಂಡೆಯನ್ನು ಸಾಲಿನ ನಡುವೆ ಸೇರಿಸದೆ ಅಂಚಿನಲ್ಲಿ ಸೇರಿಸಿದ್ದರೆ ಬಾಲಗಳೆಲ್ಲ ಹೊಲಿಗೆಯ ಒಳಗೆ ಅಡಗುತ್ತಿದ್ದವು. ಮುಂದಿನ ಸ್ವೆಟರಿಗೆ ನೆನಪಿಡಿ.

ಸೀದಾ ಉಲ್ಟಾ

ಅತ್ತೆಯವರೇ, ಸ್ವೆಟರ್ ಮಾವನವರ ಮೈಮೇಲೆ ಇರುತ್ತದೆ, ಪ್ರದರ್ಶನದಲ್ಲಲ್ಲ. ಅಕ್ರಿಲಿಕ್ ನುಣುಪಾಗಿರುತ್ತದೆ, ನೀವು ಹಾಯಿಸಿದ ಬಾಲ ಆರು ಸಲ ಒಗೆದ ಮೇಲೆ ಹೊರಗೆ ಇಣುಕುತ್ತದೆ. ಗಂಟು ಇಣುಕುವುದಿಲ್ಲ.

ಕಸೂತಿ ಅತ್ತೆ

ನೀವು ಹೊಲಿಗೆಯೂ ಬೇಡ ಎನ್ನುತ್ತೀರಿ, ಬಾಲವೂ ಬೇಡ ಎನ್ನುತ್ತೀರಿ. ಪ್ಲಾಸ್ಟಿಕ್ ಹಾಳೆ ಸುತ್ತಿಕೊಳ್ಳಿ, ಎರಡೂ ಇರುವುದಿಲ್ಲ.

ನಿರ್ವಾಹಕರು

ಇಬ್ಬರೂ ಸಮಾಧಾನ. ವಿಷಯಕ್ಕೆ ಬನ್ನಿ.

ಹಾವೇರಿ ಏಲಕ್ಕಿ

ವಿಷಯ ತೋಳಿನದ್ದು ಬಾಕಿ ಇದೆ, ಅದಕ್ಕೆ ಮೊದಲು ನನ್ನದೊಂದು. ಮಗನಿಗೆ ತಲೆಯಿಂದ ಹಾಕಿಕೊಳ್ಳುವ ಸ್ವೆಟರ್. ಎಲ್ಲ ಮುಗಿದಿದೆ, ಬಾಲಗಳೂ ಒಳಗೆ ಹೋಗಿವೆ. ತಲೆ ಮಾತ್ರ ಹೋಗುವುದಿಲ್ಲ. ತೊಡಿಸಲು ಹೋದರೆ ಕಿವಿಯ ಹತ್ತಿರ ನಿಂತು ಮಗು ಒಳಗಿನಿಂದ ಕೂಗುತ್ತದೆ. ಕೊರಳು ಅಳತೆಗೆ ಸರಿಯಾಗಿಯೇ ಇದೆ.

ಸಾಧನಕೇರಿ ಕಾಕು

ಕೊರಳಿನ ಅಳತೆ ಸರಿ ಇರುತ್ತದೆ, ಮುಚ್ಚಿದ ಸಾಲು ಬಿಗಿಯಾಗಿರುತ್ತದೆ. ಆ ಒಂದು ಸಾಲು ಬಿಚ್ಚಿ, ಎರಡು ನಂಬರ್ ದಪ್ಪ ಕಡ್ಡಿಯಿಂದ ಸಡಿಲಾಗಿ ಮುಚ್ಚಿರಿ. ನುಣುಪಾಗಿ ಕಾಣುವ ಸೀದಾ ಕುಣಿಕೆಯನ್ನು ಸೀದಾ, ಉಬ್ಬಾಗಿ ಕಾಣುವ ಉಲ್ಟಾ ಕುಣಿಕೆಯನ್ನು ಉಲ್ಟಾ ಹೆಣೆಯುತ್ತಲೇ ಮುಚ್ಚಬೇಕು. ಎಲ್ಲವನ್ನೂ ಸೀದಾ ಮುಚ್ಚಿದರೆ ಪಟ್ಟಿಯ ಜಗ್ಗುವ ಗುಣವೇ ಕಟ್ಟಿಹೋಗುತ್ತದೆ. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಚಿಕ್ಕ ಮಗುವಾದರೆ ಒಂದು ಹೆಗಲನ್ನು ತೆರೆದಿಟ್ಟು ಎರಡು ಗುಂಡಿ ಹಚ್ಚುವುದು ಇನ್ನೂ ಒಳ್ಳೆಯದು.

ಹೊಸ ಕಡ್ಡಿ

ಎರಡು ನಂಬರ್ ದಪ್ಪ ಎಂದರೆ 10ರ ಬದಲು 12 ಅಲ್ಲವೇ?

ರಾಣೆಬೆನ್ನೂರು ಕಡ್ಡಿ

ಅಲ್ಲ! ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳ ನಂಬರ್ ಹಳೆಯ ಬ್ರಿಟಿಷ್ ಲೆಕ್ಕದ್ದು. ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳು. 12 ಎಂದರೆ 2.75 ಮಿ.ಮೀ., 10 ಎಂದರೆ 3.25 ಮಿ.ಮೀ., 8 ಎಂದರೆ 4 ಮಿ.ಮೀ. ಅಮೆರಿಕದವರದ್ದು ಇದರ ಉಲ್ಟಾ, ಅವರ 8 ಎಂದರೆ 5 ಮಿ.ಮೀ. ಅಮೆರಿಕದ ವಿಡಿಯೊ ನೋಡಿ ನಮ್ಮ 8 ನಂಬರ್ ಹಿಡಿದರೆ ದೊಡ್ಡವರ ಸ್ವೆಟರ್ ಮಗನಿಗೆ ಆಗುತ್ತದೆ. ನಂಬರ್ ಬಿಟ್ಟು ಮಿ.ಮೀ. ನೋಡಿ.

ಹೊಸ ಕಡ್ಡಿ

ಈಗ ನನ್ನ ಟೋಪಿ ಯಾಕೆ ಗೊಂಬೆಗೆ ಹೋಯಿತು ಎಂದು ತಿಳಿಯಿತು.

ಸಾಧನಕೇರಿ ಕಾಕು

ಇನ್ನು ತೋಳು. ಹೆಗಲು ಕೂಡಿಸಿದ ಮೇಲೆ, ಪಕ್ಕದ ಹೊಲಿಗೆ ಹಾಕುವ ಮೊದಲೇ ತೋಳು ಹಚ್ಚಬೇಕು. ಆಗ ಎಲ್ಲವೂ ಬಿಚ್ಚಿಕೊಂಡು ಹಾಸಿದ ಹಾಗಿರುತ್ತದೆ, ಕೈಗೆ ಸುಲಭ. ತೋಳಿನ ಮೇಲ್ತುದಿಯ ಮಧ್ಯ ಗುರುತಿಸಿ ಹೆಗಲಿನ ಹೊಲಿಗೆಗೆ ಟಾಚಣಿ. ಎರಡು ಕೊನೆಗಳನ್ನು ಬಗಲಿನ ಕೊನೆಗಳಿಗೆ ಟಾಚಣಿ. ಆಮೇಲೆ ಮಧ್ಯದ ಮಧ್ಯಕ್ಕೆ. ಹೆಚ್ಚಾದದ್ದನ್ನು ಮೇಲಿನ ಭಾಗದಲ್ಲಿ ಸ್ವಲ್ಪ ಸ್ವಲ್ಪವೇ ಹಂಚಬೇಕು, ಕಂಕುಳಲ್ಲಿ ತುರುಕಬಾರದು. ಕೊನೆಗೆ ಮುಂಗೈಯಿಂದ ಕಂಕುಳಿನವರೆಗೆ, ಅಲ್ಲಿಂದ ಕೆಳಗಿನ ಬಾರ್ಡರಿನವರೆಗೆ ಒಂದೇ ಉದ್ದನೆಯ ಹೊಲಿಗೆ.

ರಾಣೆಬೆನ್ನೂರು ಕಡ್ಡಿ

ಕಾಕು, ಇದೊಂದನ್ನು ಒಪ್ಪುವುದಿಲ್ಲ. ನೀವು ಹೇಳಿದ್ದು ನೇರ ತೋಳಿಗೆ ಸರಿ. ಮೇಲ್ತುದಿ ಗುಮ್ಮಟವಾಗಿರುವ ತೋಳಿಗೆ ಮೊದಲು ತೋಳಿನ ಹೊಲಿಗೆ, ಪಕ್ಕದ ಹೊಲಿಗೆ ಬೇರೆಬೇರೆ ಮುಗಿಸಿ, ಆಮೇಲೆ ತೋಳನ್ನು ಬಗಲಿನೊಳಗೆ ಇಳಿಸಿ ಸುತ್ತ ಹೊಲಿಯಬೇಕು. ಟೇಲರುಗಳು ಕೋಟಿಗೆ ಹಾಗೆಯೇ ಮಾಡುತ್ತಾರೆ.

ಟೇಲರ್ ಮಾಮಾ

ಕೋಟಿಗೆ ಹೌದು, ಅಂಗಿಗೆ ಕಾಕು ಹೇಳಿದ ಹಾಗೆ. ನನ್ನನ್ನು ನಡುವೆ ತರಬೇಡಿ.

ಸಾಧನಕೇರಿ ಕಾಕು

ಕೋಟು ಹೊಲಿಯುವವರು ಕೋಟು ಹೊಲಿಯಲಿ. ನನ್ನ ತೋಳುಗಳು ಇವತ್ತಿನವರೆಗೂ ಸರಿಯಾಗಿಯೇ ಕುಳಿತಿವೆ.

ಮಾಳಮಡ್ಡಿ ಉಲ್ಲನ್ ಚೀಲ

ಸುದ್ದಿ: ಪಕ್ಕದ ಹೊಲಿಗೆಯನ್ನು ಒಂದು ಗೇಣು ಹಾಕಿ ಜಗ್ಗಿದೆ. ನಿಜವಾಗಿಯೂ ಮಾಯವಾಯಿತು! ಯಜಮಾನರನ್ನು ಕರೆದು ತೋರಿಸಿದೆ, ಅವರು “ಹೊಲಿಗೆ ಎಲ್ಲಿದೆ?” ಎಂದರು. ಅದೇ ಅಲ್ಲವೇ ಎಂದರೆ ಅರ್ಥವಾಗದೆ ಹೋದರು.

ತೋಳನ್ನು ಕಾಕು ಹೇಳಿದಂತೆ ಹಚ್ಚಲು ಪಕ್ಕವನ್ನು ಮತ್ತೆ ಬಿಚ್ಚುವುದಿಲ್ಲ, ಕ್ಷಮಿಸಿ, ಇಳಿಸಿಯೇ ಹೊಲಿಯುತ್ತೇನೆ.

ಈಗ ಗುಂಡಿಪಟ್ಟಿ. ಮುಂಭಾಗದ ಅಂಚಿನಿಂದ ಕುಣಿಕೆ ಎತ್ತಿ ಪಟ್ಟಿ ಹೆಣೆಯಬೇಕು. ಎಷ್ಟು ಎತ್ತಬೇಕು? ಪಟ್ಟಿ ಅಂದುಕೊಂಡದ್ದಕ್ಕಿಂತ ಹೆಚ್ಚು ದಾರ ತಿನ್ನುವಂತಿದೆ, ಉಳಿದಿರುವುದು ಅರ್ಧ ಉಂಡೆ. ಅಂಗಡಿಯವರು ಅದೇ ಬಣ್ಣ ಎಂದು ಕೊಟ್ಟ ಹೊಸ ಉಂಡೆಯನ್ನು ಪಕ್ಕಕ್ಕಿಟ್ಟರೆ ಬೇರೆಯೇ ಕಾಣುತ್ತದೆ.

ಬೆಟಗೇರಿ ಮಗ್ಗ

ಇದು ನನಗೆ ಗೊತ್ತಿರುವ ವಿಷಯ. ಬಣ್ಣದ ಸಂಖ್ಯೆ ಒಂದೇ ಇದ್ದರೂ ಬಣ್ಣ ಅದ್ದಿದ ಕಡಾಯಿ ಬೇರೆಯಾದರೆ ಛಾಯೆ ಬೇರೆ. ಉಂಡೆಯ ಪಟ್ಟಿಯ ಮೇಲೆ ಲಾಟ್ ಸಂಖ್ಯೆ ಬರೆದಿರುತ್ತದೆ, ಅದನ್ನು ಹೊಂದಿಸಿ ತೆಗೆದುಕೊಳ್ಳಬೇಕು. ಅಂಗಡಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎರಡೂ ಒಂದೇ ಎನಿಸುತ್ತವೆ, ಬೀದಿಗೆ ತಂದು ಬಿಸಿಲಿನಲ್ಲಿ ನೋಡಿ. ಲಾಟ್ ಸಿಗದಿದ್ದರೆ ಎರಡೂ ಪಟ್ಟಿಗಳನ್ನು, ಕೊರಳನ್ನು ಪೂರ್ತಿ ಹೊಸ ಉಂಡೆಯಲ್ಲಿಯೇ ಹೆಣೆಯಿರಿ. ಅರ್ಧ ಇದು, ಅರ್ಧ ಅದು ಆದರೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ.

ರಾಣೆಬೆನ್ನೂರು ಕಡ್ಡಿ

ಲೆಕ್ಕ ಹೇಳುತ್ತೇನೆ. ನಿಮ್ಮದು 4 ಮಿ.ಮೀ. ಕಡ್ಡಿಯ ಸಾಮಾನ್ಯ ದಾರವಾದರೆ 10 ಸೆಂ.ಮೀ.ಗೆ ಸುಮಾರು 22 ಕುಣಿಕೆ, 28 ಸಾಲು ಬಂದಿರುತ್ತವೆ. ಅಂದರೆ ಕುಣಿಕೆ ಎತ್ತರಕ್ಕಿಂತ ಅಗಲ ಹೆಚ್ಚು. ಸಾಲಿಗೊಂದರಂತೆ ಎತ್ತಿದರೆ ಪಟ್ಟಿ ನೆರಿಗೆ ನೆರಿಗೆಯಾಗಿ ಹೊರಕ್ಕೆ ಕುಣಿಯುತ್ತದೆ, ಎರಡು ಸಾಲಿಗೊಂದು ಎತ್ತಿದರೆ ಮುಂಭಾಗವೇ ಮೇಲಕ್ಕೆ ಸೆಳೆದುಕೊಳ್ಳುತ್ತದೆ. 4 ಸಾಲಿಗೆ 3 ಕುಣಿಕೆ ಎತ್ತಿ: ಮೂರು ಎತ್ತಿ ಒಂದು ಬಿಡಿ. ಅಂಚು 60 ಸೆಂ.ಮೀ. ಇದ್ದರೆ 168 ಸಾಲು, ಅದಕ್ಕೆ 126 ಕುಣಿಕೆ. ಎರಡು ಸೀದಾ ಎರಡು ಉಲ್ಟಾ ಪಟ್ಟಿಗೆ ಎರಡು ತುದಿಯೂ ಒಂದೇ ಬಗೆ ಬರಲು 4ರ ಮಗ್ಗಿಯ ಮೇಲೆ 2 ಇರಬೇಕು. 126 ತಾನಾಗಿಯೇ ಹೊಂದುತ್ತದೆ. ಕಡ್ಡಿ ಮಾತ್ರ ಒಂದೆರಡು ನಂಬರ್ ತೆಳು ಹಿಡಿಯಿರಿ.

ಬ್ಯಾಡಗಿ ಖಾರ

ಇಷ್ಟೊಂದು ಗಣಿತ ಇದೆ ಎಂದು ಗೊತ್ತಿದ್ದರೆ ಆಗಲೇ ಸುಮ್ಮನಾಗುತ್ತಿದ್ದೆ. ಆದರೂ ಕೇಳುತ್ತೇನೆ, ನಿಮ್ಮ ಮೇಡ್ಲೇರಿಯ ಕಂಬಳಿ ಇರುವಾಗ ಇದೆಲ್ಲ ಯಾಕೆ? ಹೊಲಿಗೆಯಿಲ್ಲ, ಗುಂಡಿಯಿಲ್ಲ, ಹೊದ್ದುಕೊಂಡರೆ ಮುಗಿಯಿತು.

ರಾಣೆಬೆನ್ನೂರು ಕಡ್ಡಿ

ಹುಣಸೆಬೀಜದ ಗಂಜಿ ಕುಡಿದ ಕಂಬಳಿಯನ್ನು ಬರಿಮೈಗೆ ಹೊದ್ದು ಆಫೀಸಿಗೆ ಹೋಗಿ ಬನ್ನಿ, ಆಮೇಲೆ ಚರ್ಚಿಸೋಣ.

ಉಣಕಲ್ ವಾಕಿಂಗ್

ಕಂಬಳಿ ಹೊದ್ದು ಕೆರೆಗೆ ಬರುವ ಹಿರಿಯರು ಇದ್ದಾರೆ. ಅವರಿಗೆ ಥಂಡಿಯೂ ಇಲ್ಲ, ಚರ್ಚೆಯೂ ಇಲ್ಲ.

ಮಾಳಮಡ್ಡಿ ಉಲ್ಲನ್ ಚೀಲ

ಕಡ್ಡಿ ಅಣ್ಣಾ, ನಿಮ್ಮ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಕೊನೆಯ ಪ್ರಶ್ನೆ. ಕಾಜ ಯಾವ ಕಡೆಯ ಪಟ್ಟಿಗೆ ಬರಬೇಕು? ಏಳು ಗುಂಡಿ ತಂದಿದ್ದೇನೆ.

ಟೇಲರ್ ಮಾಮಾ

ಗಂಡಸರದ್ದಾದರೆ ತೊಟ್ಟವರ ಎಡಗಡೆ ಕಾಜ, ಬಲಗಡೆ ಗುಂಡಿ. ಹೆಂಗಸರದ್ದು ತಿರುಗಾಮುರುಗಾ.

ಸಾಧನಕೇರಿ ಕಾಕು

ಕಾಜ ಇಲ್ಲದ ಪಟ್ಟಿಯನ್ನು ಮೊದಲು ಹೆಣೆ. ಅದರ ಮೇಲೆ ಏಳು ಗುಂಡಿಗಳ ಜಾಗಕ್ಕೆ ಪಿನ್ನು ಹಚ್ಚಿ, ಅದನ್ನು ನೋಡಿಕೊಂಡು ಎರಡನೆಯ ಪಟ್ಟಿಯಲ್ಲಿ ಕಾಜ ಬಿಡು. ಕಾಜ ಚಿಕ್ಕದಾಗಿಯೇ ಇರಲಿ, ಹೆಣಿಗೆ ಜಗ್ಗುತ್ತದೆ, ದೊಡ್ಡದಾದರೆ ಗುಂಡಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗುಂಡಿಯ ಹಿಂದೆ ಒಳಮೈಗೆ ಇನ್ನೊಂದು ಪುಟ್ಟ ಗುಂಡಿ ಇಟ್ಟು ಎರಡನ್ನೂ ಸೇರಿಸಿ ಹೊಲಿ, ಇಲ್ಲವಾದರೆ ಗುಂಡಿ ಕಿತ್ತುಬರುವಾಗ ಹೆಣಿಗೆಯನ್ನೂ ಕಿತ್ತುಕೊಂಡು ಬರುತ್ತದೆ. ಮುಗಿದ ಮೇಲೆ ಹ್ಯಾಂಗರಿಗೆ ತೂಗುಹಾಕಬೇಡ, ಮಡಚಿಡು.

ಮಾಳಮಡ್ಡಿ ಉಲ್ಲನ್ ಚೀಲ

ಮಾವನವರು ಎಡಗೈಯವರು. ಹಾಗಾದರೆ?

ಟೇಲರ್ ಮಾಮಾ

ಅವರು ಹಾಕಿಕೊಳ್ಳುವ ಅಂಗಿಗಳಲ್ಲಿ ಕಾಜ ಯಾವ ಕಡೆ ಇದೆ?

ಮಾಳಮಡ್ಡಿ ಉಲ್ಲನ್ ಚೀಲ

ಎಡಗಡೆಯೇ.

ಟೇಲರ್ ಮಾಮಾ

ಇಷ್ಟು ವರ್ಷದಿಂದ ಕೈ ಅದಕ್ಕೇ ಒಗ್ಗಿದೆ. ಹಾಗೆಯೇ ಇಡಿ.

ಸೀದಾ ಉಲ್ಟಾ

ಕಾಜ, ಗುಂಡಿ, ಎಡ, ಬಲ! ಒಂದು ಜಿಪ್ ಹಚ್ಚಿದರೆ ಆಗುವುದಿಲ್ಲವೇ?

ಕಸೂತಿ ಅತ್ತೆ

ಇವರನ್ನು ಯಾರಾದರೂ ಹಿಡಿದುಕೊಳ್ಳಿ.

ಸಾಧನಕೇರಿ ಕಾಕು

ಜಿಪ್ ಜಗ್ಗುವುದಿಲ್ಲ, ಹೆಣಿಗೆ ಜಗ್ಗುತ್ತದೆ. ಎರಡನ್ನೂ ಸೇರಿಸುವುದು ಎಷ್ಟು ಕಷ್ಟ ಎಂದು ಬರೆಯಲು ಹೊರಟರೆ ರಾತ್ರಿಯ ಅಡುಗೆ ಆಗುವುದಿಲ್ಲ.

ನಿರ್ವಾಹಕರು

ಜಿಪ್ಪಿಗೆ ಬೇರೆ ಚರ್ಚೆ ತೆರೆದಿದ್ದೇನೆ. ಗಂಟು ಹಾಕುವುದು ಸರಿಯೋ ತಪ್ಪೋ ಎನ್ನುವುದಕ್ಕೆ ಇನ್ನೊಂದು. ಹುಬ್ಬಳ್ಳಿಯಲ್ಲಿ ಚಳಿ ಇದೆಯೋ ಇಲ್ಲವೋ ಎನ್ನುವ ಜಗಳವನ್ನು ಎರಡೂ ಕಡೆಗೆ ಒಯ್ಯಬಾರದಾಗಿ ಬ್ಯಾಡಗಿ ಖಾರ ಅವರಲ್ಲಿ ವಿನಂತಿ.